ಸಣ್ಣ ರೈತರು ಮಾರಾಟಕ್ಕೆಂದೇ ತರಕಾರಿ ಬೆಳೆಯಲು ಯಾಕೆ ಮುಂದಾಗುತ್ತಾರೆ?

ಲಾಭ ಜಾಸ್ತಿ ಅಂತ ಅಷ್ಟೇ ಅಲ್ವಾ ಅಂತ ಕೇಳಿದ್ದೀರಿ. ಲಾಭ ಹೌದು, ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ದುಡ್ಡು ಬೇಗ ಕೈಗೆ ಬರುವುದು. ಭತ್ತ, ಜೋಳ ಹಾಕಿದರೆ ಮೂರು-ನಾಲ್ಕು ತಿಂಗಳು ಕಾದು ಒಂದೇ ಸಲ ಹಣ ನೋಡಬೇಕು, ಅಲ್ಲಿಯವರೆಗೆ ಮಕ್ಕಳ ಫೀಸು, ಔಷಧಿ, ಬೀಜಕ್ಕೆ ಮಾಡಿದ ಸಾಲ ಯಾವುದೂ ಕಾಯುವುದಿಲ್ಲ. ಮೂಲಂಗಿ 30-40 ದಿನಕ್ಕೇ ಕೀಳಲು ಬರುತ್ತದೆ. ಬೆಂಡೆಯಂತೂ ಬಿತ್ತಿದ ಸುಮಾರು 50 ದಿನಕ್ಕೆ ಫಸಲು ಶುರುವಾದರೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು, ಇಲ್ಲಾಂದ್ರೆ ಬಲಿತು ನಾರಾಗುತ್ತದೆ. ಅಂದರೆ ವಾರಕ್ಕೆ ಮೂರು ಸಲ ಕೈಯಲ್ಲಿ ಕಾಸು ಓಡಾಡುತ್ತದೆ.

ಇನ್ನು ಜಮೀನು. ಪ್ರಪಂಚದ ಬಹುಪಾಲು ಹಿಡುವಳಿಗಳು 2 ಹೆಕ್ಟೇರಿಗಿಂತ ಚಿಕ್ಕವು. ಅಷ್ಟರಲ್ಲಿ ಬರೀ ಧಾನ್ಯ ಬೆಳೆದು ಸಂಸಾರ ತೂಗಿಸುವುದು ಕಷ್ಟ. ತರಕಾರಿಗೆ ನಾಟಿ, ಕಳೆ, ಕೋಲು ನೆಟ್ಟು ಕಟ್ಟುವುದು, ಬಿಡಿಸುವುದು ಅಂತ ದಿನವೂ ಕೈಯಲ್ಲೇ ಮಾಡುವ ಕೆಲಸ. ಮನೆಮಂದಿಯೆಲ್ಲ ದುಡಿಯುವ ಸಣ್ಣ ರೈತರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಸುಮ್ನೆ ಆಸೆಪಟ್ಟರೆ ಆಗದು. ನೀರು, ರಸ್ತೆ, ಹತ್ತಿರದಲ್ಲೊಂದು ಪಟ್ಟಣ ಇದ್ದವರೇ ಸಾಮಾನ್ಯವಾಗಿ ಮೊದಲು ಇಳಿಯುವುದು. ಹಣ್ಣಾದ ಟೊಮೆಟೊ ಕೆಲವೇ ದಿನ ಇರುತ್ತದೆ, ಬೆಲೆ ಬಿದ್ದರೂ ಮಾರಲೇಬೇಕು. ಅದಕ್ಕೇ ಎಷ್ಟೋ ಮಂದಿ ಮನೆಯ ಊಟಕ್ಕೆ ಬೇಕಾಗುವಷ್ಟು ಧಾನ್ಯಕ್ಕೆ ಜಾಗ ಉಳಿಸಿಕೊಂಡೇ ತರಕಾರಿಗೆ ಕೈ ಹಾಕುತ್ತಾರೆ. ಆ ಲೆಕ್ಕಾಚಾರ ಸರಿ ಅಂತಲೇ ನನಗನ್ನಿಸುತ್ತದೆ.