ಎರಡೂವರೆ ಗಂಟೆಯ ಪಂಚವಟಿಗೆ ಏನನ್ನು ಬಿಡುವುದು?

ನಮಸ್ಕಾರ. ಪೆರ್ಲದ ಶಾಲಾಮಕ್ಕಳ ಯಕ್ಷಗಾನ ಪಂಚವಟಿಯನ್ನು ಎರಡೂವರೆ ಗಂಟೆಗೆ ಇಳಿಸಲು ಯಾವ ಪದ, ಅಂದರೆ ಭಾಗವತರು ಹಾಡುವ ಹಾಡು, ಬಿಡಬೇಕೆಂದು ಕೇಳಿದ್ದೀರಿ. ಪದಕ್ಕೆ ಕೈ ಹಾಕುವ ಮೊದಲು ಅರ್ಥ, ಅಂದರೆ ವೇಷಧಾರಿಗಳ ಮಾತು, ಮೊಟಕು ಮಾಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ಈ ಪ್ರಸಂಗ ಇಂದಿಗೂ ಜನರನ್ನು ಕೂರಿಸುವುದು ಪದಗಳ ಬಲದಿಂದ, ಮಕ್ಕಳು ಬಾಯಿಪಾಠ ಒಪ್ಪಿಸುವ ಮಾತಿನಿಂದಲ್ಲ. ಒಂದು ಪದಕ್ಕೆ ಕುಣಿತ ಸೇರಿ 3 ನಿಮಿಷ, ಅರ್ಥಕ್ಕೆ 2 ಎಂದು ಹಿಡಿದರೆ 22 ಪದಕ್ಕೆ 110 ನಿಮಿಷ. ಉಳಿದ 40 ನಿಮಿಷ ಪ್ರವೇಶ, ತೆರೆಯ ಹಿಂದಿನ ತೆರೆಕುಣಿತ, ಯುದ್ಧಕ್ಕೆ ಬೇಕೇ ಬೇಕು. ಕತ್ತರಿಸಲೇಬೇಕಾದರೆ ಋಷಿಗಳ ಭಾಗದಲ್ಲಿ ಕತ್ತರಿಸಿ. ಶೂರ್ಪನಖಿಯನ್ನು ಮುಟ್ಟಬೇಡಿ, ಪ್ರಸಂಗದ ಜೀವವೇ ಅಲ್ಲಿದೆ.

ಮಾಯಾ ಶೂರ್ಪನಖಿ, ಅಂದರೆ ಸುಂದರಿಯ ರೂಪ, ಸ್ತ್ರೀವೇಷ; ಘೋರರೂಪ ಹೆಣ್ಣುಬಣ್ಣ, ಅಂದರೆ ರಾಕ್ಷಸಿಯ ಬಣ್ಣದ ವೇಷ. ಒಂದೇ ಮಗುವಿಗೆ ಎರಡನ್ನೂ ಕೊಟ್ಟರೆ ಕೆಟ್ಟಿತು, ನಡುವೆ ಬಣ್ಣ ಬದಲಿಸಲು ಸಮಯವೇ ಸಿಗದು. ಹೆಣ್ಣುಬಣ್ಣದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ (ಉಬ್ಬು ಚುಕ್ಕೆಗಳು) ಇಟ್ಟು ಮುಗಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ವೇಷದ ಮಗುವನ್ನು ಎಲ್ಲರಿಗಿಂತ ಮೊದಲು ಬಣ್ಣದ ಚೌಕಿಯಲ್ಲಿ ಕೂರಿಸಿ.

ಭಾಗವತರು ಅರ್ಧದಲ್ಲಿ ಬದಲಾಗುವುದಾದರೆ ಇಬ್ಬರ ಶ್ರುತಿ ಮೊದಲೇ ಕೇಳಿಕೊಳ್ಳಿ. ಬೇರೆಯಾದರೆ ಇನ್ನೊಂದು ಮದ್ದಳೆಯನ್ನು ಶ್ರುತಿ ಮಾಡಿಯೇ ಇಟ್ಟಿರಬೇಕು. ಮಳೆಗಾಲದಲ್ಲಂತೂ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಮತ್ತೆ, ಸಭಾಂಗಣದೊಳಗೆ ದೊಂದಿಗೆ (ಪಂಜಿಗೆ) ರಾಳದ ಪುಡಿ ಎರಚಿ ಬೆಂಕಿ ಭುಗಿಲೆಬ್ಬಿಸುವ ಆಸೆ ಬೇಡ. ಪಕ್ಕದಲ್ಲೇ ಬಟ್ಟೆಯ ತೆರೆ ಇರುತ್ತದೆ.