ವಿಧಿಯಲ್ಲ, ಹೆಂಡತಿ

ಮಾನ್ಯರೇ,

‘ಅಮರ ಪ್ರೇಮದ ಮೂರು ಮುಖಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಟ್ರಿಸ್ಟನ್ ಮತ್ತು ಇಸೋಲ್ಡರ ಮಧ್ಯಯುಗದ ಐತಿಹ್ಯ, ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’, ಆ ನಾಟಕವನ್ನು ನ್ಯೂಯಾರ್ಕಿನ ಬೀದಿಗಿಳಿಸಿದ 1957ರ ಸಂಗೀತನಾಟಕ ‘ವೆಸ್ಟ್ ಸೈಡ್ ಸ್ಟೋರಿ’ಯ ಹಾಡುಗಳು, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಿಮಗೆ ಹೊಳೆದದ್ದು ಒಳ್ಳೆಯದೇ. ಭಾಷೆ ಶುದ್ಧವಾಗಿದೆ, ಓದಿಕೊಂಡು ಬರೆದಿದ್ದೀರಿ. ಇಷ್ಟು ಹೇಳಿ ನನ್ನ ಸಿಟ್ಟಿಗೆ ಬರುತ್ತೇನೆ.

ಹನ್ನೆರಡು ಪುಟಗಳಲ್ಲಿ ‘ಅಮರ’ ಎಂಬ ಪದ 17 ಸಲ, ‘ವಿಧಿ’ 9 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಎರಡನೆಯ ಪುಟದ ಒಂದೇ ಪ್ಯಾರಾದಲ್ಲಿ ಇವೆರಡೂ ಸೇರಿ ಮಾಡಿರುವ ಅನಾಹುತವನ್ನು ನಿಮಗೆ ತೋರಿಸಿದರೆ ನನ್ನ ಕೆಲಸ ಮುಗಿಯಿತು.

‘ಹಡಗಿನಲ್ಲಿ ಪ್ರೇಮಪಾನ ಸೇವಿಸಿದೊಡನೆ ಇಬ್ಬರ ನಡುವೆ ಅಮರ ಪ್ರೇಮವೊಂದು ಉದಯಿಸಿತು.’ ರಾಜನ ವಧುವಾಗಬೇಕಿದ್ದ ಇಸೋಲ್ಡಳನ್ನು ಹಡಗಿನಲ್ಲಿ ಕರೆತರುತ್ತಿದ್ದ ಟ್ರಿಸ್ಟನ್ ತಿಳಿಯದೆ ಅವಳೊಡನೆ ಪ್ರೇಮದ ಮದ್ದು ಕುಡಿದುಬಿಡುತ್ತಾನೆ, ಸರಿ. ಆ ಪ್ರೇಮ ಅಮರವಾದದ್ದು ಯಾರು ಹೇಳಿದ ಕಥೆಯಲ್ಲಿ? 12ನೆಯ ಶತಮಾನದಲ್ಲಿ ಇದನ್ನು ಫ್ರೆಂಚಿನಲ್ಲಿ ಹೇಳಿದ ಥಾಮಸ್‌ನ ಕಾವ್ಯದಲ್ಲಿ ಮದ್ದಿಗೆ ಗಡುವಿಲ್ಲ. ಬೆರೂಲ್ ಎಂಬ ಇನ್ನೊಬ್ಬ ಕವಿಯಲ್ಲಾದರೋ ಅದರ ಶಕ್ತಿ ಮೂರು ವರ್ಷಕ್ಕೆ ತೀರಿಹೋಗುತ್ತದೆ. ಇಬ್ಬರೂ ಓಡಿಹೋಗಿ ಸೇರಿದ್ದ ಕಾಡಿನಲ್ಲಿ ಗಾಯಗೊಂಡ ಸಾರಂಗವೊಂದನ್ನು ಬೆನ್ನಟ್ಟಿ ಓಡುತ್ತಿರುವಾಗಲೇ ಟ್ರಿಸ್ಟನ್‌ಗೆ ಆ ಗಳಿಗೆ ಬಂದೊದಗುತ್ತದೆ. ಅವನು ನಿಂತಲ್ಲೇ ನಿಂತು, ತಾನು ಬಿಟ್ಟುಬಂದ ಆಸ್ಥಾನವನ್ನು, ಕಳೆದುಕೊಂಡ ವೀರನ ಬಾಳನ್ನು ನೆನೆದು ಪರಿತಪಿಸುತ್ತಾನೆ. ಅತ್ತ ಎಲೆಗುಡಿಸಲಿನಲ್ಲಿ ಇಸೋಲ್ಡಳೂ ತಾನು ರಾಣಿಯಾಗಿದ್ದೆನೆಂಬುದನ್ನು ನೆನೆಯುತ್ತಾಳೆ. ಆದರೂ ರಾಜನ ಬಳಿಗೆ ಮರಳಲೆಂದು ಅಗಲುವಾಗ ಅವಳು ಅವನ ಬೇಟೆನಾಯಿಯನ್ನು ಕೇಳಿ ಇಟ್ಟುಕೊಳ್ಳುತ್ತಾಳೆ, ತನ್ನ ಉಂಗುರವನ್ನು ಅವನಿಗೆ ಕೊಡುತ್ತಾಳೆ. ಮದ್ದಿನ ಅಮಲು ಇಳಿದ ಮೇಲೆ ನಾಯಿಯನ್ನು ಕೇಳಿದ್ದೇಕೆ? ನಿಮ್ಮ ಲೇಖನ ಹುಟ್ಟಬೇಕಾಗಿದ್ದುದು ಈ ಪ್ರಶ್ನೆಯಲ್ಲಿ. ‘ಅಮರ’ ಎಂದು ಬರೆದೊಡನೆ ಆ ಪ್ರಶ್ನೆ ಕೇಳುವ ದಾರಿಯನ್ನು ನೀವೇ ಮುಚ್ಚಿಕೊಂಡಿರಿ.

‘ರೋಮಿಯೋ ಜೂಲಿಯೆಟರೂ ಬಾಲ್ಕನಿಯಲ್ಲಿ ಅದೇ ಅಮರ ಪ್ರೇಮದ ಮೌನದಲ್ಲಿ ಕರಗಿಹೋಗುತ್ತಾರೆ.’ ಬಾಲ್ಕನಿ ಎಂಬ ಪದವೇ ಆ ನಾಟಕದಲ್ಲಿಲ್ಲ; ಅದನ್ನು ಕ್ಷಮಿಸಬಹುದು, ಎಲ್ಲರೂ ಮಾಡುವ ತಪ್ಪು. ಮೌನ ಎಲ್ಲಿಂದ ಬಂತು? ಆ ಹುಡುಗಿಗೆ ಇನ್ನೂ 14 ತುಂಬಿಲ್ಲ, ಅವಳ ಮಾತಿಗೆ ತಡೆಯೇ ಇಲ್ಲ. ಗೋಡೆ ಇಷ್ಟು ಎತ್ತರವಿದೆ, ಹೇಗೆ ಹತ್ತಿದೆ ಎಂದು ಕೇಳುತ್ತಾಳೆ. ನಮ್ಮವರು ಕಂಡರೆ ಕೊಂದುಬಿಡುತ್ತಾರೆ ಎನ್ನುತ್ತಾಳೆ. ಅವನು ಚಂದ್ರನ ಮೇಲೆ ಆಣೆ ಇಡಹೊರಟರೆ, ದಿನಕ್ಕೊಂದು ರೂಪ ತಾಳುವವನ ಮೇಲೆ ಆಣೆ ಬೇಡವೆಂದು ತಡೆಯುತ್ತಾಳೆ. ನಾಳೆ ಎಷ್ಟು ಗಂಟೆಗೆ ಆಳನ್ನು ಕಳುಹಿಸಲಿ ಎಂದು ವಿಚಾರಿಸಿ ಒಂಬತ್ತು ಎಂದು ಗೊತ್ತುಮಾಡಿಕೊಳ್ಳುತ್ತಾಳೆ. ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ಕಾವ್ಯದಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಶೇಕ್ಸ್‌ಪಿಯರ್ ಕೆಲವೇ ದಿನಗಳಿಗೆ ಇಳಿಸಿದ. ಹಾಗಾಗಿ ಅಲ್ಲಿ ಗಂಟೆ ಎಷ್ಟು ಎಂಬುದೇ ಜೀವ ಹಿಂಡುವ ಸಂಗತಿ. ರಂಗದ ಮೇಲಿನ ಅವಸರವನ್ನು ನೀವು ಅಮರತ್ವ ಮಾಡಿಬಿಟ್ಟಿದ್ದೀರಿ.

‘ಹಾಡು ಈ ಕಥೆಯನ್ನೇ ಸಂಕ್ಷಿಪ್ತವಾಗಿ ಹೇಳುತ್ತದೆ.’ ಹೇಳುವುದಿಲ್ಲ. ‘ವೆಸ್ಟ್ ಸೈಡ್ ಸ್ಟೋರಿ’ಯಿಂದ ನೀವೇ ಹೆಸರಿಸಿರುವ ‘ಮರಿಯಾ’ ಹಾಡಿನಲ್ಲಿ ಕಥೆ ಒಂದು ಹೆಜ್ಜೆಯೂ ಮುಂದಕ್ಕೆ ಸರಿಯುವುದಿಲ್ಲ. ಈಗಷ್ಟೇ ಒಂದು ಹೆಸರನ್ನು ತಿಳಿದುಕೊಂಡ ಹುಡುಗ ಅದನ್ನೇ ಮತ್ತೆ ಮತ್ತೆ ಅನ್ನುತ್ತಾನೆ, ಅಷ್ಟೆ. ಸಂಗೀತ ಸಂಯೋಜಕ ಬರ್ನ್‌ಸ್ಟೈನ್ ಆ ಮೂರಕ್ಷರಕ್ಕೆ ಕೂಡಿಸಿದ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಪ್ರತಿಮಧ್ಯಮ, ಪಂಚಮ. ನಡುವಿನ ಅಕ್ಷರ ನಿಲ್ಲಲಾಗದ ಜಾಗದಲ್ಲಿ ಕಾಲಿಟ್ಟು, ಮೂರನೆಯದು ಅರ್ಧ ಸ್ವರ ಮೇಲೇರಿದಾಗ ಉಸಿರು ಬಿಡುತ್ತದೆ. ಕಾವ್ಯಕ್ಕೆ ಮೂರು ವರ್ಷ ಬೇಕಾಯಿತು, ನಾಟಕಕ್ಕೆ ಒಂಬತ್ತು ಗಂಟೆಯ ಗಡುವು ಬೇಕಾಯಿತು, ಹಾಡಿಗೆ ಆ ಅರ್ಧ ಸ್ವರ ಸಾಕಾಯಿತು. ಮೂರೂ ಒಂದೇ ಎನ್ನುವುದಾದರೆ ಮೂರನ್ನೂ ಏಕೆ ತಂದಿರಿ?

ಇನ್ನು, ನನ್ನನ್ನು ನಿಜವಾಗಿ ಕಲಕಿದ ನಾಲ್ಕನೆಯ ವಾಕ್ಯ: ‘ವಿಧಿಯ ಕ್ರೂರ ಆಟಕ್ಕೆ ಬಲಿಯಾಗಿ ಟ್ರಿಸ್ಟನ್ ಪ್ರಾಣ ಬಿಟ್ಟ.’ ಇದನ್ನು ನಾನೂ ಬರೆದಿದ್ದೆ, ಹೆಚ್ಚುಕಡಿಮೆ ಇದೇ ಪದಗಳಲ್ಲಿ. ಆಗ ನನಗೆ 23 ವರ್ಷ. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ, ಲೇಖಕನಾಗುವ ಆಸೆಯಿಂದ ಇದೇ ಐತಿಹ್ಯದ ಮೇಲೆ ಎಂಟು ಪುಟ ಬರೆದು ಸಂಪಾದಕರ ಮೇಜಿನ ಮೇಲಿಟ್ಟಿದ್ದೆ. ಮೂರು ದಿನದ ಮೇಲೆ ಅದು ಹಿಂತಿರುಗಿ ಬಂತು. ಎಂಟು ಪುಟಗಳಲ್ಲಿ ಅವರು ಕೆಂಪು ಶಾಯಿ ಮುಟ್ಟಿಸಿದ್ದು ಒಂದೇ ಕಡೆ. ‘ವಿಧಿ’ಗೆ ಗೀಟು ಎಳೆದು ಅಂಚಿನಲ್ಲಿ ಬರೆದಿದ್ದರು: ‘ವಿಧಿಯಲ್ಲ, ಹೆಂಡತಿ.’

ಥಾಮಸ್‌ನ ಕಾವ್ಯದಲ್ಲಿ ಟ್ರಿಸ್ಟನ್ ಮದುವೆಯಾದದ್ದು ಅದೇ ಹೆಸರಿನ ಇನ್ನೊಬ್ಬಳನ್ನು, ಬಿಳಿಗೈಗಳ ಇಸೋಲ್ಡಳನ್ನು. ಮದುವೆ ಹೆಸರಿಗಷ್ಟೇ ಉಳಿಯಿತು. ವಿಷದ ಗಾಯವಾಗಿ ಮಲಗಿದವನು ಮೊದಲನೆಯವಳನ್ನು ಕರೆತರಲು ಹಡಗು ಕಳುಹಿಸುತ್ತಾನೆ, ಅವಳು ಬಂದರೆ ಬಿಳಿಯ ಹಾಯಿ, ಬಾರದಿದ್ದರೆ ಕಪ್ಪು ಎಂದು ಗುರುತು ಹೇಳಿ. ಗೋಡೆಯ ಆಚೆ ಕಿವಿಗೊಟ್ಟು ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಹಡಗು ಬಂದಾಗ ಅವನಿಗೆ ಎದ್ದು ನೋಡುವ ಶಕ್ತಿಯಿಲ್ಲ. ಹಾಯಿ ಕಪ್ಪು ಎನ್ನುತ್ತಾಳೆ. ಅವನು ಗೋಡೆಯ ಕಡೆಗೆ ತಿರುಗುತ್ತಾನೆ.

ನಾನು ತಿದ್ದಿ ಬರೆದೆ, ಈ ಸಲ ಅವಳನ್ನು ‘ದುಷ್ಟೆ’ ಎಂದೆ. ಅದಕ್ಕೂ ಗೀಟು ಬಿತ್ತು. ಮೂರನೆಯ ಸಲ ಅವರು ಕನ್ನಡಕ ತೆಗೆದು, ಹಡಗು ತಡವಾದದ್ದೇಕೆ ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೋಗಿ ಓದಿದೆ: ಬಿರುಗಾಳಿಯಲ್ಲಿ ಹಡಗಿನ ಸಣ್ಣ ದೋಣಿ ಕೈಬಿಟ್ಟುಹೋಗಿತ್ತು, ಆಮೇಲೆ ಗಾಳಿಯೇ ಸತ್ತುಹೋಯಿತು, ಕಣ್ಣೆದುರೇ ಕಾಣುವ ದಡವನ್ನು ಸೇರಲಾಗದೆ ಇಸೋಲ್ಡ್ ನೀರಿನ ಮೇಲೆ ಉಳಿದಳು. ಕೊನೆಗೆ ಅಚ್ಚಾದದ್ದು ಒಂದೂವರೆ ಪುಟ. ಆ ಎಂಟು ಪುಟಗಳಿಂದ ಅದರಲ್ಲಿ ಉಳಿದದ್ದು ಎರಡು ಹೆಸರುಗಳು ಮಾತ್ರ.

ಉಳಿದ ಹತ್ತು ಪುಟಗಳ ಬಗ್ಗೆ ಈಗ ನಾನು ಏನೂ ಹೇಳುವುದಿಲ್ಲ. ಈ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳುಹಿಸಿ. ಅದು ನಾಲ್ಕು ಪುಟವಾದರೂ ಅಡ್ಡಿಯಿಲ್ಲ. ನಾಯಿಯ ಸಂಗತಿ ಅದರಲ್ಲಿರಲಿ.

ಇತಿ,
ಸಂಪಾದಕ