ಕಂಕುಳ ಗಂಟು ತೆಗೆದಿದ್ದಾರೆ ಅಂತ ಕೈ ಕಟ್ಟಿ ಕೂರಬೇಡಿ

ಪ್ರಶ್ನೆ: ನನಗೆ 47 ವರ್ಷ. ಊರು ಜಗಳೂರು ಹತ್ತಿರದ ಹಳ್ಳಿ. ಬಲಗಡೆ ಸ್ತನದಲ್ಲಿ ಕ್ಯಾನ್ಸರ್ ಆಗಿತ್ತು. ಮೊದಲು ಕಿಮೋ ಮುಗಿಸಿ, ಆಮೇಲೆ ದಾವಣಗೆರೆಯಲ್ಲಿ ಆಪರೇಷನ್ ಮಾಡಿದರು. ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದಿದ್ದಾರೆ. ಐದು ವಾರ ಆಯಿತು. ಈಗ ಕಂಕುಳಿಂದ ಮೊಣಕೈವರೆಗೆ ದಾರ ಎಳೆದು ಕಟ್ಟಿದ ಹಾಗೆ ಬಿಗಿದಿದೆ. ಕೈ ಭುಜಕ್ಕಿಂತ ಮೇಲೆ ಹೋಗುವುದಿಲ್ಲ. ತೋಳಿನ ಒಳಬದಿ ಜೋಮು ಹಿಡಿದಂತಿದೆ. ರೇಡಿಯೇಷನ್‌ಗೆ ಕೈ ತಲೆ ಮೇಲಿಟ್ಟು ಮಲಗಬೇಕಂತೆ. ಮನೆಯಲ್ಲಿ ಅತ್ತೆ ಒಂದು ಲೋಟ ಎತ್ತಲೂ ಬಿಡುತ್ತಿಲ್ಲ, ಕೈ ಊದಿಕೊಳ್ಳುತ್ತೆ ಅಂತ ಹೆದರುತ್ತಾರೆ. ಇದು ಮತ್ತೆ ಕ್ಯಾನ್ಸರ್ ಬಂದಿರುವುದಾ? ರೊಟ್ಟಿ ತಟ್ಟಬಹುದಾ, ಬಳೆ ಹಾಕಬಹುದಾ, ಹೊಲಕ್ಕೆ ಹೋಗಬಹುದಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಅದು ಕ್ಯಾನ್ಸರ್ ಅಲ್ಲ. ಕಂಕುಳ ಗಂಟು (ದುಗ್ಧರಸ ಗ್ರಂಥಿ) ತೆಗೆದ ಎಷ್ಟೋ ಹೆಂಗಸರಲ್ಲಿ ಕೆಲವು ವಾರಗಳಲ್ಲೇ ಈ ದಾರ ಕಾಣಿಸಿಕೊಳ್ಳುತ್ತದೆ. ಕೈ ಎತ್ತಿದಾಗ ಚರ್ಮದ ಕೆಳಗೆ ಎದ್ದು ಕಾಣುತ್ತದೆ, ಕೆಲವರಿಗೆ ಮಣಿಕಟ್ಟಿನವರೆಗೂ ಎಳೆಯುತ್ತದೆ. ಅಲ್ಲಿದ್ದ ಸಣ್ಣ ನಾಳಗಳು ಗಟ್ಟಿಯಾಗಿ ಕುಗ್ಗುವುದರಿಂದ ಹೀಗಾಗುತ್ತದೆ ಎಂದು ತಿಳಿಯಲಾಗಿದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಆದರೂ ಡಾಕ್ಟರು ಒಮ್ಮೆ ಕೈಯಿಂದ ಮುಟ್ಟಿ ನೋಡಲಿ. ಗುಂಡಗಿನ ಗಟ್ಟಿ ಗಂಟು ಸಿಕ್ಕಿದರೆ ಮಾತ್ರ ಅದು ಬೇರೆ ವಿಷಯ, ತಡ ಮಾಡದೆ ತೋರಿಸಿ.

ನನಗೆ ಹೆಚ್ಚು ಚಿಂತೆ ಆಗಿದ್ದು ಲೋಟ ಎತ್ತಲೂ ಬಿಡುತ್ತಿಲ್ಲ ಅನ್ನೋ ಮಾತು ಓದಿ. ನಿಮ್ಮ ಅತ್ತೆಯವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೆ ಕೈ ಆಡಿಸದಿದ್ದರೆ ಆ ದಾರ ಇನ್ನಷ್ಟು ಬಿಗಿಯುತ್ತದೆ, ಭುಜದ ಕೀಲು ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತನ್ನೂ ಅವರಿಗೆ ಹೇಳಿ. ಕಂಕುಳ ಗಂಟುಗಳ ಮೂಲಕ ಹರಿಯುವ ದುಗ್ಧರಸ ಎಂಬ ತಿಳಿನೀರಿಗೆ ಹೃದಯದಂಥ ಪಂಪ್ ಇಲ್ಲ. ತೋಳಿನ ಸ್ನಾಯು ಬಿಗಿದು ಸಡಿಲವಾದಾಗಲೇ ಅದು ಚೆನ್ನಾಗಿ ಮೇಲಕ್ಕೆ ಹರಿಯುವುದು. ಊತ ಬರಬಾರದು ಅಂತ ಕೈ ಸುಮ್ನೆ ಇಟ್ಟರೆ ನೀರು ಹರಿಯಲು ಇರುವ ಆ ಸಹಾಯವೂ ತಪ್ಪುತ್ತದೆ.

ಆಪರೇಷನ್ ಆದ ಮಾರನೇ ದಿನವೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಲು ಶುರು ಮಾಡಿಸುತ್ತೇವೆ. ಗಾಯದ ನೀರು ಹೊರಗೆ ಬರಲು ಹಾಕಿದ ಪೈಪ್ ಇರುವಾಗ ಮಾತ್ರ ಭುಜದ ಮಟ್ಟ ದಾಟಬೇಡಿ ಅನ್ನುತ್ತೇವೆ. ನಿಮ್ಮ ಪೈಪ್ ತೆಗೆದು, ಗಾಯ ಮಾಗಿದ್ದರೆ ಇನ್ನು ಆ ಮಿತಿ ಇಲ್ಲ. ಬೆನ್ನ ಮೇಲೆ ಮಲಗಿ. ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಎಡಗೈಯ ಸಹಾಯದಿಂದ ಬಲಗೈಯನ್ನು ನಿಧಾನವಾಗಿ ತಲೆಯ ಕಡೆಗೆ ತನ್ನಿ. ಎಳೆತ ಗೊತ್ತಾಗಬೇಕು, ಜೀವ ಹೋಗುವಂಥ ನೋವಾಗಬಾರದು. ಅಲ್ಲಿ ನಾಲ್ಕೈದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಇಳಿಸಿ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳಲ್ಲೇ ಗೋಡೆ ಹತ್ತಿಸಿ, ತಲುಪಿದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ದಿನಕ್ಕೆ ಮೂರು ಹೊತ್ತು, ಒಂದು ಹೊತ್ತಿಗೆ ಹತ್ತು ಬಾರಿ ಸಾಕು. ನೋವಿಗೆ ಹೆದರಿ ಬಿಡುವುದಾದರೆ, ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಅರ್ಧ ಗಂಟೆ ಮುಂಚೆ ತಗೊಳ್ಳಿ. ಎಳೆಯುವಾಗ ಪಟ್ಟನೆ ದಾರ ಬಿಟ್ಟ ಹಾಗಾದರೆ ಗಾಬರಿ ಬೇಡ. ಆದರೆ ಬೇಕಂತಲೇ ಒತ್ತಿ ಬಿಡಿಸಲು, ಎಣ್ಣೆ ಹಚ್ಚಿ ಜೋರಾಗಿ ತಿಕ್ಕಲು ಯಾರಿಗೂ ಕೈ ಕೊಡಬೇಡಿ. ಆಪರೇಷನ್ ಆದ ಕಡೆಯೋ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಫಿಜಿಯೋಥೆರಪಿಯವರಿಗೆ ತೋರಿಸಿ, ಈ ವ್ಯಾಯಾಮಗಳನ್ನು ಒಮ್ಮೆ ಅವರ ಮುಂದೆಯೇ ಮಾಡಿ ಕಲಿಯಿರಿ.

ಜೋಮಿಗೆ ಕಾರಣ ಬೇರೆ. ಕಂಕುಳಲ್ಲಿ ಹಾದು ಹೋಗುವ ಒಂದು ಸಣ್ಣ ನರ ಈ ಆಪರೇಷನ್‌ನಲ್ಲಿ ಎಳೆಯಲ್ಪಡುತ್ತದೆ, ಕೆಲವೊಮ್ಮೆ ಕತ್ತರಿಸಬೇಕಾಗುತ್ತದೆ. ಅದು ಬರೀ ಸ್ಪರ್ಶದ ನರ, ಕೈಯ ಶಕ್ತಿ ಹೋಗುವುದಿಲ್ಲ. ಜೋಮು ತಿಂಗಳುಗಳಲ್ಲಿ ಕಡಿಮೆಯಾಗಬಹುದು, ಒಂದಿಷ್ಟು ಜಾಗ ಹಾಗೇ ಉಳಿಯಲೂಬಹುದು. ಅಲ್ಲಿ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಕಂಕುಳ ಕೂದಲಿಗೆ ಬ್ಲೇಡ್ ಬೇಡ.

ಊತದ ವಿಷಯಕ್ಕೆ ಬರೋಣ. ಕಂಕುಳ ಗಂಟುಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊತ ಬರುತ್ತದೆ. ಅಂದರೆ ನಾಲ್ವರಿಗೆ ಬರುವುದಿಲ್ಲ, ಅಲ್ವಾ? ಕಂಕುಳಿಗೆ ರೇಡಿಯೇಷನ್ ಕೊಟ್ಟರೆ, ಮೈ ತೂಕ ಜಾಸ್ತಿ ಇದ್ದರೆ ಸಾಧ್ಯತೆ ಹೆಚ್ಚು. ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ ಶುರುವಾಗುತ್ತದೆ. ಆದ್ದರಿಂದ ಈಗಲೇ ಟೈಲರ್ ಟೇಪಿನಲ್ಲಿ ಎರಡೂ ಕೈ ಅಳೆಯಿರಿ. ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ವ್ಯತ್ಯಾಸ 2 ಸೆಂ.ಮೀ. ಆದರೆ, ಅಥವಾ ಕೈ ಭಾರ ಅನ್ನಿಸಿ ರವಿಕೆ ತೋಳು ಬಿಗಿಯಾದರೆ ತೋರಿಸಿ. ಆರಂಭದಲ್ಲೇ ಹಿಡಿದರೆ ಅಳತೆ ತೆಗೆದು ಕೊಡುವ ಒತ್ತುತೋಳು (ಕೈಗೆ ಬಿಗಿಯಾಗಿ ಹಾಕುವ ಉದ್ದ ತೋಳುಚೀಲ), ಬ್ಯಾಂಡೇಜ್, ವ್ಯಾಯಾಮದಿಂದ ಹತೋಟಿಗೆ ತರಬಹುದು. ಬೇರೆಯವರ ಒತ್ತುತೋಳು ಹಾಕಿಕೊಳ್ಳಬೇಡಿ.

ಕೆಲಸ ಮಾಡಿದರೆ ಊದುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಿದ್ದ ಕಾಲ ಇತ್ತು. 2009ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗಲೇ ಕೈ ಊದಿದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ನಿಧಾನಕ್ಕೆ ಭಾರ ಏರಿಸುತ್ತಾ ಎತ್ತಿಸಿದರು. ಊತ ಜಾಸ್ತಿಯಾಗಲಿಲ್ಲ. ಏಕಾಏಕಿ ಬೇಡ, ನಿಧಾನಕ್ಕೆ ಏರಿಸಿ, ಅಷ್ಟೇ.

ಹಾಗಾಗಿ ರೊಟ್ಟಿ ತಟ್ಟಿ. ಮೊದಲ ವಾರ ಎರಡು ಮೂರು, ಆಮೇಲೆ ಹೆಚ್ಚಿಸಿ. ಹಂಚಿನ ಮೇಲೆ ತಿರುವಿ ಹಾಕುವುದು ಎಡಗೈಯಲ್ಲಿರಲಿ. ತುಂಬಿದ ಕೊಡ, 20 ಲೀಟರ್ ನೀರಿನ ಕ್ಯಾನ್ ಸದ್ಯಕ್ಕೆ ಬೇರೆಯವರು ಎತ್ತಲಿ. ಹೊಲದ ಕೆಲಸಕ್ಕೆ ರೇಡಿಯೇಷನ್ ಮುಗಿಯಲಿ. ಆಮೇಲೆ ಮೆಕ್ಕೆಜೋಳದ ತೆನೆ ಮುರಿಯುವಾಗ ತುಂಬುತೋಳಿನ ಅಂಗಿ, ಕೈಗವಸು ಇರಲಿ, ಆ ಗರಿ ಕುಯ್ದರೆ ಗಾಯದಿಂದ ಸೋಂಕು ಒಳಗೆ ಹೋಗುತ್ತದೆ. ಬಳೆ ಸಡಿಲವಾಗಿದ್ದರೆ ಹಾಕಿಕೊಳ್ಳಿ, ಚರ್ಮದಲ್ಲಿ ಅಚ್ಚು ಮೂಡಿದರೆ ತೆಗೆಯಿರಿ. ಬಿಪಿ, ಸೂಜಿ ಆದಷ್ಟೂ ಎಡಗೈಗೆ. ತುರ್ತಿನಲ್ಲಿ ಬಲಗೈಗೆ ಚುಚ್ಚಿದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಕೈ ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಇನ್ನು ರೇಡಿಯೇಷನ್. ಮೂರರಿಂದ ಐದು ವಾರ, ವಾರಕ್ಕೆ ಐದು ದಿನ, ಕೈ ಮೇಲಿಟ್ಟು ಅಲುಗಾಡದೆ ಕೆಲವು ನಿಮಿಷ ಮಲಗಬೇಕು. ಅದಕ್ಕೂ ಮುಂಚೆ ಅದೇ ಭಂಗಿಯಲ್ಲಿ ಪ್ಲಾನಿಂಗ್ ಸ್ಕ್ಯಾನ್ ಇರುತ್ತದೆ. ಆ ದಿನಕ್ಕೂ ಕೈ ಏಳದಿದ್ದರೆ ಮನೆಯಲ್ಲಿ ಉಳಿದುಬಿಡಬೇಡಿ. ರೇಡಿಯೇಷನ್ ವಿಭಾಗಕ್ಕೆ ಮೊದಲೇ ಫೋನ್ ಮಾಡಿ, ಕೈ ಎಲ್ಲಿಯವರೆಗೆ ಏಳುತ್ತಿದೆ ಅಂತ ಹೇಳಿ. ಕೆಲವು ದಿನ ಮುಂದಕ್ಕೆ ಹಾಕಬೇಕೋ, ಭಂಗಿ ಬದಲಿಸಬೇಕೋ ಅವರು ನೋಡಿ ಹೇಳುತ್ತಾರೆ.